ಮೃಗಾಲಯಗಳ ದಾಸ್ತಾನು ಪಟ್ಟಿಯೂ ದಾನಿಗಳ ಹೊಣೆಯೂ

ಮಾರ್ಚ್ 31 ಎಂದೊಡನೆ ವರ್ತಕರಿಗೂ ಕಾರ್ಖಾನೆಯ ಮಾಲೀಕರಿಗೂ ನೆನಪಾಗುವುದು ದಾಸ್ತಾನಿನ ಎಣಿಕೆ. ಆ ತಾರೀಖಿಗೆ ಸರಿಯಾಗಿ ದೇಶದ ಮಾನ್ಯತೆ ಪಡೆದ ಮೃಗಾಲಯಗಳೂ ತಮ್ಮ ಪ್ರಾಣಿಗಳ ಲೆಕ್ಕವನ್ನು ಮುಗಿಸುತ್ತವೆ ಎಂಬ ಸಂಗತಿ ಬಹುಮಂದಿಗೆ ತಿಳಿದಿರಲಾರದು. ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಸಲ್ಲಿಸಬೇಕಾದ ಆ ಪಟ್ಟಿಯ ಅಂಕಣಗಳನ್ನು ಕಂಡರೆ ಯಾವ ಗುಮಾಸ್ತನಿಗೂ ಅಪರಿಚಿತವೆನಿಸುವುದಿಲ್ಲ. ಆರಂಭಿಕ ದಾಸ್ತಾನು, ಜನನ, ಹೊರಗಿನಿಂದ ಬಂದವು, ಹೊರಗೆ ಕೊಟ್ಟವು, ಮರಣ, ಅಂತಿಮ ದಾಸ್ತಾನು. ಇಷ್ಟೇ ಅದರ ಸ್ವರೂಪ. ಬೆಲೆಯ ಅಂಕಣ ಮಾತ್ರ ಇರುವುದಿಲ್ಲ.

ಮೃಗಾಲಯಗಳ ಹಿರಿಮೆಯನ್ನು ಅಳೆಯುವಾಗ ಸಾರ್ವಜನಿಕರೂ ಪತ್ರಿಕೆಗಳೂ ಈ ಪಟ್ಟಿಯ ಕೊನೆಯ ಅಂಕಣವನ್ನಷ್ಟೇ ನೋಡುವುದು ರೂಢಿಯಾಗಿದೆ. ಎಷ್ಟು ಜಾತಿ, ಎಷ್ಟು ಪ್ರಾಣಿ, ಬೇರೆಲ್ಲೂ ಇಲ್ಲದ್ದು ಇಲ್ಲಿ ಏನಿದೆ ಎಂಬ ಮೂರು ಪ್ರಶ್ನೆಗಳಲ್ಲಿ ಹೋಲಿಕೆ ಮುಗಿದುಹೋಗುತ್ತದೆ. ವ್ಯಾಪಾರದಲ್ಲಿ ಅಂತಿಮ ದಾಸ್ತಾನಿನ ಗಾತ್ರವನ್ನಷ್ಟೇ ನೋಡಿ ಅಂಗಡಿಗೆ ಸಾಲ ಕೊಡುವ ಬ್ಯಾಂಕು ಇಲ್ಲ. ಸರಕು ಎಷ್ಟು ದಿನದಿಂದ ಬಿದ್ದಿದೆ, ಹಾಳಾದದ್ದೆಷ್ಟು, ಗೋದಾಮಿನ ಸ್ಥಿತಿ ಹೇಗಿದೆ ಎಂದು ಅದು ವಿಚಾರಿಸಿಯೇ ವಿಚಾರಿಸುತ್ತದೆ. ಮೃಗಾಲಯಗಳಿಗೆ ದತ್ತು ಯೋಜನೆಯ ಮೂಲಕವೋ ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿಯೋ ಹಣ ನೀಡುತ್ತಿರುವ ವಾಣಿಜ್ಯೋದ್ಯಮಿಗಳು ಆ ಪರಿಪಾಠವನ್ನು ಇಲ್ಲಿಗೂ ಅನ್ವಯಿಸುವುದು ಅಪೇಕ್ಷಣೀಯ.

ಸಮಾನವಾದ ಅಂತಿಮ ದಾಸ್ತಾನು ಎಷ್ಟು ಮೋಸಗೊಳಿಸಬಲ್ಲದೆಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ಸಾಕು. ಒಂದು ಮೃಗಾಲಯದಲ್ಲಿ ವರ್ಷದ ಆರಂಭಕ್ಕೆ 100 ಜಿಂಕೆಗಳಿದ್ದವು, 6 ಹುಟ್ಟಿದವು, 4 ಸತ್ತವು, 2 ಬೇರೆಡೆಗೆ ಹೋದವು, ಉಳಿದದ್ದು 100. ಇನ್ನೊಂದರಲ್ಲಿಯೂ ಆರಂಭಕ್ಕೆ 100. ಹುಟ್ಟಿದವು 10, ಸತ್ತವು 35, ಹೊರಗಿನಿಂದ ತಂದವು 25. ಉಳಿದದ್ದು ಅದೇ 100. ಎರಡೂ ಕಡೆ ಫಲಕದ ಮೇಲೆ ಬರೆಯುವ ಅಂಕಿ ಒಂದೇ. ಮೊದಲನೆಯದು ಪ್ರಾಣಿಗಳನ್ನು ಸಾಕಿದೆ, ಎರಡನೆಯದು ತುಂಬಿಸಿಕೊಂಡಿದೆ. ಜನನ ಮತ್ತು ಮರಣದ ಅಂಕಣಗಳನ್ನು ಮೂರು ವರ್ಷಗಳ ಮಟ್ಟಿಗೆ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಸಂಸ್ಥೆಯ ಆಡಳಿತದ ಬಗ್ಗೆ ಎಷ್ಟೋ ತಿಳಿದುಬರುತ್ತದೆ.

ಪಟ್ಟಿಯಲ್ಲಿ ಮತ್ತೊಂದು ಸೂಕ್ಷ್ಮವಿದೆ. ಪ್ರತಿ ಜಾತಿಯ ಮುಂದೆ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಗಂಡು, ಎರಡನೆಯದು ಹೆಣ್ಣು, ಮೂರನೆಯದು ಇನ್ನೂ ಲಿಂಗ ಗುರುತಾಗದವು. 4:6:3 ಎಂದಿದ್ದರೆ ಅದು ಬೆಳೆಯುತ್ತಿರುವ ಕುಟುಂಬ. 0:1:0 ಎಂದಿದ್ದರೆ ಒಂಟಿ ಹೆಣ್ಣು. ಆ ಜಾತಿ ಮೃಗಾಲಯದ ಪಟ್ಟಿಯಲ್ಲಿ ಒಂದು ಸಾಲನ್ನು ಆಕ್ರಮಿಸಿರುತ್ತದೆ, ಜಾತಿಗಳ ಒಟ್ಟು ಸಂಖ್ಯೆಗೆ ಒಂದನ್ನು ಸೇರಿಸಿರುತ್ತದೆ. ಅದರ ಭವಿಷ್ಯ ಮಾತ್ರ ಅಲ್ಲಿಗೆ ಮುಕ್ತಾಯ.

ದೆಹಲಿಯ ರಾಷ್ಟ್ರೀಯ ಪ್ರಾಣಿ ಉದ್ಯಾನದ ಆಫ್ರಿಕಾ ಆನೆ ಶಂಕರ್‌ನ ಕಥೆ ಇದಕ್ಕೆ ನಿದರ್ಶನ. ಜಿಂಬಾಬ್ವೆ ದೇಶವು ಉಡುಗೊರೆಯಾಗಿ ನೀಡಿದ ಈ ಗಂಡಾನೆ 1998ರಲ್ಲಿ ಒಂದು ಜೊತೆಗಾತಿಯೊಂದಿಗೆ ಬಂದಿತು. ಕೆಲವೇ ವರ್ಷಗಳಲ್ಲಿ ಆ ಜೊತೆಗಾತಿ ಸತ್ತಿತು. ಅಲ್ಲಿಂದ ಮುಂದೆ ಎರಡು ದಶಕಗಳಷ್ಟು ಕಾಲ ಪಟ್ಟಿಯಲ್ಲಿ ಉಳಿದದ್ದು 1:0:0. ಆನೆ ಗುಂಪಿನಲ್ಲಿ ಬಾಳುವ ಪ್ರಾಣಿ ಎಂಬುದು ಶಾಲಾ ಬಾಲಕರಿಗೂ ತಿಳಿದ ವಿಷಯ. 2024ರ ಅಕ್ಟೋಬರಿನಲ್ಲಿ ವಿಶ್ವ ಮೃಗಾಲಯಗಳ ಸಂಘವು ಈ ಆನೆಯ ಪಾಲನೆಯ ಕಾರಣಕ್ಕಾಗಿ ದೆಹಲಿಯ ಸದಸ್ಯತ್ವವನ್ನು ಅಮಾನತುಗೊಳಿಸಿತು. 2025ರ ಸೆಪ್ಟೆಂಬರಿನಲ್ಲಿ ಶಂಕರ್ ಸತ್ತಿತು. ಎರಡು ಜಾತಿಯ ಆನೆಗಳಿವೆ ಎಂದು ಹೇಳಿಕೊಳ್ಳುವ ಹೆಗ್ಗಳಿಕೆಗೆ ತೆತ್ತ ಬೆಲೆ ಅದು. ಅದನ್ನು ತೆತ್ತದ್ದು ಮಾತ್ರ ಆನೆ.

ಮೈಸೂರಿನ ಗೊರಿಲ್ಲಾದ ವೃತ್ತಾಂತವೂ ಬಹಳ ಬೇರೆಯಲ್ಲ. 1995ರಲ್ಲಿ ಡಬ್ಲಿನ್‌ನಿಂದ ಬಂದ ಪೋಲೋ 2014ರಲ್ಲಿ ಸಾಯುವವರೆಗೂ ಒಂಟಿಯಾಗಿಯೇ ಇದ್ದಿತು. ದೇಶದಲ್ಲಿ ಗೊರಿಲ್ಲಾ ಇರುವ ಏಕೈಕ ಮೃಗಾಲಯ ಎಂಬ ಮಾತನ್ನು ಆ ಕಾಲದಲ್ಲಿ ಮೈಸೂರಿನವರು ಅಭಿಮಾನದಿಂದ ಹೇಳುತ್ತಿದ್ದರು. 2021ರ ಆಗಸ್ಟ್‌ನಲ್ಲಿ ಜರ್ಮನಿಯಿಂದ ಥಾಬೋ ಮತ್ತು ಡೆಂಬಾ ಎಂಬ ಇಬ್ಬರು ಸಹೋದರರು ಬಂದರು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಅವುಗಳಿಗೆ ಹೊಸ ಆವರಣವೂ ಸಿದ್ಧವಾಯಿತು. ಆಗ ಪಟ್ಟಿಗೆ ಸೇರಿದ ಸಾಲು 2:0:0. ಸಂತಾನದ ದೃಷ್ಟಿಯಿಂದ ಇದು ಶೂನ್ಯವೇ ಆದರೂ ಒಡನಾಟದ ದೃಷ್ಟಿಯಿಂದ ಒಂದಕ್ಕೂ ಎರಡಕ್ಕೂ ಅಜಗಜಾಂತರ. ಗಂಡು ಗೊರಿಲ್ಲಾಗಳನ್ನು ಜೊತೆಯಾಗಿ ಇಡುವುದು ಯುರೋಪಿನ ಮೃಗಾಲಯಗಳಲ್ಲಿ ಒಪ್ಪಿತ ಕ್ರಮ. ಹಳೆಯ ತಪ್ಪಿನಿಂದ ಮೈಸೂರು ಪಾಠ ಕಲಿತಿದೆ ಎಂದು ಹೇಳಲು ಅಡ್ಡಿಯಿಲ್ಲ.

ಡಾರ್ಜಿಲಿಂಗ್ ಮೊದಲ ಸ್ಥಾನಕ್ಕೆ ಬಂದದ್ದು ಹೇಗೆ?

2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ದೇಶದ ಸುಮಾರು 150 ಮೃಗಾಲಯಗಳ ಆಡಳಿತ ಪರಿಣಾಮಕಾರಿತ್ವದ ಮೌಲ್ಯಮಾಪನವನ್ನು ಪ್ರಕಟಿಸಿತು. ಡಾರ್ಜಿಲಿಂಗಿನ ಪದ್ಮಜಾ ನಾಯ್ಡು ಹಿಮಾಲಯನ್ ಪ್ರಾಣಿ ಉದ್ಯಾನವು ಶೇಕಡಾ 83 ಅಂಕಗಳೊಡನೆ ಮೊದಲನೆಯದಾಯಿತು. ಚೆನ್ನೈ ಬಳಿಯ ವಂಡಲೂರಿನ ಅರಿಜ್ಞರ್ ಅಣ್ಣಾ ಉದ್ಯಾನಕ್ಕೆ 82, ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ 80.

ಈ ಮೂರರ ಗಾತ್ರವನ್ನು ಒಟ್ಟಿಗೆ ಇಟ್ಟು ನೋಡಬೇಕು. ವಂಡಲೂರಿನ ವಿಸ್ತೀರ್ಣ 600 ಹೆಕ್ಟೇರ್. 1855ರಲ್ಲಿ ಮದರಾಸು ನಗರದೊಳಗೆ ಆರಂಭವಾದ ಆ ಸಂಸ್ಥೆ ಇಕ್ಕಟ್ಟನ್ನು ತಾಳಲಾರದೆ 1985ರಲ್ಲಿ ಕಾಡಿನ ಅಂಚಿಗೆ ಸ್ಥಳಾಂತರಗೊಂಡಿತು. 1892ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಮೈಸೂರಿನದು 157 ಎಕರೆ. 1958ರಲ್ಲಿ ಪ್ರಾರಂಭವಾದ ಡಾರ್ಜಿಲಿಂಗಿನದು ಕೇವಲ 67.5 ಎಕರೆ, ಅದೂ ಬೆಟ್ಟದ ಇಳಿಜಾರಿನಲ್ಲಿ. ಅಲ್ಲಿ ಜಿರಾಫೆಯಿಲ್ಲ, ಗೊರಿಲ್ಲಾ ಇಲ್ಲ. ಜಾತಿಗಳ ಎಣಿಕೆಯ ಸ್ಪರ್ಧೆಗೆ ಇಳಿದರೆ ಮೈಸೂರಿನ ಮುಂದೆ ನಿಲ್ಲಲಾರದ ಸಂಸ್ಥೆ ಅದು.

ಡಾರ್ಜಿಲಿಂಗ್ ಮಾಡಿದ್ದು ಒಂದೇ. ಏಳು ಸಾವಿರ ಅಡಿ ಎತ್ತರದ ತಂಪು ಹವೆಯಲ್ಲಿ ಯಾವ ಪ್ರಾಣಿ ಸಹಜವಾಗಿ ಬಾಳಬಲ್ಲದೋ ಅದನ್ನೇ ಆರಿಸಿಕೊಂಡಿತು. ಹಿಮಚಿರತೆ, ಕೆಂಪು ಪಾಂಡಾ, ಟಿಬೆಟಿನ ತೋಳ, ಹಿಮಾಲಯದ ಕಾಡುಕುರಿ ಮೊದಲಾದವು ಅಲ್ಲಿನ ಬಂಡವಾಳ. ಹಿಮಚಿರತೆಯ ಸಂತಾನೋತ್ಪತ್ತಿ ಕಾರ್ಯಕ್ರಮ 1980ರ ದಶಕದಿಂದ ನಡೆದುಬಂದಿದೆ. ಅಲ್ಲಿಯೇ ಹುಟ್ಟಿ ಬೆಳೆದ ಎರಡು ಹೆಣ್ಣು ಕೆಂಪು ಪಾಂಡಾಗಳನ್ನು 2003ರಲ್ಲಿ ಸಿಂಗಾಲೀಲಾ ರಾಷ್ಟ್ರೀಯ ಉದ್ಯಾನಕ್ಕೆ ಬಿಡಲಾಯಿತು. ಸಂತಾನವೃದ್ಧಿಯ ಕೆಲಸ ಬಹುಪಾಲು ಪ್ರವಾಸಿಗರ ಕಣ್ಣಿಗೆ ಬೀಳದ ಪ್ರತ್ಯೇಕ ಕೇಂದ್ರದಲ್ಲಿ ನಡೆಯುತ್ತದೆ. ಪ್ರವೇಶ ಚೀಟಿ ಕೊಂಡವರಿಗೆ ಕಾಣುವುದು ಅಂಗಡಿಯ ಮುಂಭಾಗ ಮಾತ್ರ, ಉತ್ಪಾದನೆ ಹಿತ್ತಲಿನಲ್ಲಿ. ತನ್ನ ಹವೆಗೆ, ತನ್ನ ಜಾಗಕ್ಕೆ, ತನ್ನ ಪರಿಣತಿಗೆ ಒಗ್ಗುವ ಕೆಲವೇ ಸರಕುಗಳನ್ನು ಇಟ್ಟುಕೊಂಡು ಅವುಗಳಲ್ಲಿ ಹೆಸರು ಮಾಡಿದ ಸಣ್ಣ ಉದ್ಯಮಕ್ಕೆ ಇದನ್ನು ಹೋಲಿಸಬಹುದು. ಸಣ್ಣ ಕೈಗಾರಿಕೆ ನಡೆಸುವವರಿಗೆ ಈ ತಂತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೈಸೂರಿಗೂ ಇಂಥ ಹಿತ್ತಲು ಇದೆ. ನಗರದ ಹೊರವಲಯದ ಕೂರ್ಗಳ್ಳಿಯಲ್ಲಿ ಊರಿಗೆ ನುಗ್ಗಿ ಸೆರೆಸಿಕ್ಕ ಹುಲಿ ಚಿರತೆಗಳ ಪುನರ್ವಸತಿ ಕೇಂದ್ರವಿದ್ದು ಅದು ಸಾರ್ವಜನಿಕರಿಗೆ ತೆರೆದಿಲ್ಲ. ಮೃಗಾಲಯದ ಹಿರಿಮೆಯನ್ನು ಹೊಗಳುವವರ ಮಾತಿನಲ್ಲಿ ಕೂರ್ಗಳ್ಳಿಯ ಪ್ರಸ್ತಾಪ ಬರುವುದು ವಿರಳ.

ಆವರಣದ ಗುಣಮಟ್ಟ ಎಂದರೇನು?

ಇದು ಅಭಿರುಚಿಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ಅಳೆಯಬಹುದಾದ ಅಂಶಗಳು ಸಾಕಷ್ಟಿವೆ. 2009ರ ಮೃಗಾಲಯ ಮಾನ್ಯತಾ ನಿಯಮಗಳು ಒಂದು ಜೊತೆ ಹುಲಿಗೆ ಕನಿಷ್ಠ 1000 ಚದರ ಮೀಟರ್ ಬಯಲು ಆವರಣವನ್ನು ನಿಗದಿಪಡಿಸಿವೆ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಗುಂಟೆ. ಅದೇ ಸಮಯದಲ್ಲಿ ಈ ನಿಯಮಗಳು 'ದೊಡ್ಡ ಮೃಗಾಲಯ' ಎಂಬ ವರ್ಗಕ್ಕೆ ಇಟ್ಟಿರುವ ಅಳತೆಗೋಲುಗಳಲ್ಲಿ 75 ಜಾತಿ, 750 ಪ್ರಾಣಿ ಎಂಬ ಅಂಕಿಗಳೂ ಇವೆ. ಒಂದು ಕೈಯಲ್ಲಿ ಜಾಗ ಕೊಡಿ ಎನ್ನುತ್ತ ಇನ್ನೊಂದು ಕೈಯಲ್ಲಿ ಸಂಖ್ಯೆಗೆ ಪದವಿ ಕೊಟ್ಟಂತಾಯಿತು. ಮೇಲಿನ ವರ್ಗಕ್ಕೆ ಏರಬೇಕೆಂಬ ಆಸೆಯುಳ್ಳ ಅಧಿಕಾರಿ ಮೊದಲು ಯಾವುದರ ಕಡೆಗೆ ಕೈ ಚಾಚುತ್ತಾನೆಂದು ಊಹಿಸುವುದು ಕಷ್ಟವಲ್ಲ.

ಅಳತೆಯಾಚೆಗೂ ಗಮನಿಸಬೇಕಾದ ಸಂಗತಿಗಳಿವೆ. ನೆಲ ಸಿಮೆಂಟಿನದೋ ಮಣ್ಣಿನದೋ. ನೆರಳು ಮಧ್ಯಾಹ್ನ ಎರಡು ಗಂಟೆಗೂ ಉಳಿಯುತ್ತದೆಯೋ. ಮರ ಹತ್ತುವ ಪ್ರಾಣಿಗೆ ಹತ್ತಲು ಏನಾದರೂ ಇದೆಯೋ. ಜನರ ಕಣ್ಣಿನಿಂದ ಮರೆಯಾಗಲು ಪ್ರಾಣಿಗೆ ಸ್ಥಳವಿದೆಯೋ. ಕೊನೆಯ ಅಂಶದಲ್ಲಿ ಸಂದರ್ಶಕನ ಹಿತಕ್ಕೂ ಪ್ರಾಣಿಯ ಹಿತಕ್ಕೂ ನೇರ ಘರ್ಷಣೆ. ಹಣ ಕೊಟ್ಟು ಬಂದವನಿಗೆ ಚಿರತೆ ಕಾಣಲೇಬೇಕು. ಚಿರತೆಗೆ ಪೊದೆಯಲ್ಲಿ ಅಡಗುವುದೇ ಬಾಳು. ಚಿರತೆ ಕಾಣಲಿಲ್ಲವೆಂಬ ದೂರು ಬರೆಯುವ ಮುನ್ನ ಸಂದರ್ಶಕರು ಒಮ್ಮೆ ಯೋಚಿಸುವುದು ಒಳಿತು. ಪಂಜರದ ಒಂದು ತುದಿಯಿಂದ ಇನ್ನೊಂದು ತುದಿಗೆ ಇಡೀ ದಿನ ಒಂದೇ ಜಾಡಿನಲ್ಲಿ ಓಡಾಡುವ ಪ್ರಾಣಿ ಚೆನ್ನಾಗಿಯೇ ಕಾಣುತ್ತದೆ. ಅದರ ಮನಸ್ಸು ಕೆಟ್ಟಿದೆ ಎಂಬುದಕ್ಕೆ ಆ ಓಡಾಟವೇ ಸಾಕ್ಷಿ ಎನ್ನುತ್ತಾರೆ ಬಲ್ಲವರು.

ಪಂಜರದ ಸರಳುಗಳನ್ನು ಕಿತ್ತು ಕಂದಕ ತೋಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವನು ವಿಜ್ಞಾನಿಯಲ್ಲ, ವ್ಯಾಪಾರಿ. ಹ್ಯಾಂಬರ್ಗಿನ ಕಾರ್ಲ್ ಹಾಗೆನ್‌ಬೆಕ್‌ನ ತಂದೆ ಮೀನು ಮಾರುತ್ತಿದ್ದವನು. 1848ರಲ್ಲಿ ಮೀನುಗಾರರು ತಂದುಕೊಟ್ಟ ಸೀಲ್ ಪ್ರಾಣಿಗಳನ್ನು ಜನರಿಗೆ ತೋರಿಸಿ ಕಾಸು ಸಂಪಾದಿಸಿದ. ಮಗ ಪ್ರಾಣಿಗಳ ಸಗಟು ವ್ಯಾಪಾರವನ್ನೇ ಹಿಡಿದು, 1907ರಲ್ಲಿ ಕಂದಕಗಳ ಹಿಂದೆ ಸಿಂಹವನ್ನೂ ಹುಲ್ಲೆಯನ್ನೂ ಒಂದೇ ನೋಟದಲ್ಲಿ ಕಾಣಿಸುವ ಉದ್ಯಾನವನ್ನು ತೆರೆದ. ಮನುಷ್ಯರನ್ನೂ ಪ್ರದರ್ಶನಕ್ಕಿಟ್ಟ ಕಳಂಕ ಆತನ ಖಾತೆಯಲ್ಲಿದೆ, ಅದನ್ನು ಮರೆಯಬಾರದು. ಆದರೆ ಸರಕು ಕಡಿಮೆಯಿದ್ದರೂ ಇಡುವ ಬಗೆ ಚೆನ್ನಾಗಿದ್ದರೆ ಜನ ಬರುತ್ತಾರೆ ಎಂಬುದನ್ನು ಆತ ಬಂಡವಾಳ ಹೂಡಿ ತೋರಿಸಿಕೊಟ್ಟ. 35 ಹೆಕ್ಟೇರಿಗೂ ಮೀರದ ಜಾಗದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳನ್ನು ಇಟ್ಟಿರುವ ಬರ್ಲಿನ್ ಮೃಗಾಲಯ ಒಂದು ಮಾದರಿ. ಒಂದೇ ಗೊರಿಲ್ಲಾ ಪ್ರದರ್ಶನಕ್ಕೆ 6.5 ಎಕರೆಯನ್ನು ಮೀಸಲಿಟ್ಟು 1999ರಲ್ಲಿ ತೆರೆದ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯ ಇನ್ನೊಂದು. ಎರಡಕ್ಕೂ ಅಭಿಮಾನಿಗಳಿದ್ದಾರೆ. ಭಾರತದಂಥ ದೇಶದಲ್ಲಿ, ಪಾಲಕರೂ ಪಶುವೈದ್ಯರೂ ಸಾಲದಿರುವಾಗ, ಮೊದಲನೆಯ ಮಾದರಿಯ ಅನುಕರಣೆ ಅಪಾಯಕರ.

ಬಿಳಿ ಹುಲಿಯ ವಿಷಯದಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅದು ಬೇರೆ ಜಾತಿಯಲ್ಲ. 1951ರಲ್ಲಿ ರೀವಾದ ಮಹಾರಾಜರು ಹಿಡಿದ ಮೋಹನ್ ಎಂಬ ಮರಿಯ ವಂಶವನ್ನು ಒಳಸಂಬಂಧದಿಂದ ಬೆಳೆಸುತ್ತ ಬಂದುದರ ಫಲ. ಮೆಳ್ಳೆಗಣ್ಣು ಮೊದಲಾದ ದೋಷಗಳು ಅದರೊಡನೆಯೇ ಬಂದವು. ಕಾಡಿಗೆ ಅದರಿಂದ ಪ್ರಯೋಜನವಿಲ್ಲ, ಗಲ್ಲಾಪೆಟ್ಟಿಗೆಗೆ ಇದೆ.

ಗಲ್ಲಾಪೆಟ್ಟಿಗೆಯನ್ನು ಹಗುರವಾಗಿ ಕಾಣುವುದೂ ಸಲ್ಲದು. 1979ರಲ್ಲಿ ರಚಿತವಾದ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಅಡಿಯಲ್ಲಿರುವ ಸಂಸ್ಥೆಗಳು ಬಹುಮಟ್ಟಿಗೆ ಪ್ರವೇಶ ಶುಲ್ಕವನ್ನೇ ನಂಬಿವೆ. 2020ರಲ್ಲಿ ಕೊರೋನಾ ನಿಮಿತ್ತ ಮೈಸೂರಿನ ಬಾಗಿಲು ಮಾರ್ಚ್ ಮಧ್ಯದಿಂದ ಜೂನ್ ಎಂಟರವರೆಗೆ ಮುಚ್ಚಿದಾಗ ಆದಾಯ ನಿಂತಿತು, ಮೇವು ಮಾಂಸದ ಖರ್ಚು ನಿಲ್ಲಲಿಲ್ಲ. ಆಗ ಉದ್ಯಮಿಗಳೂ ಸಾರ್ವಜನಿಕರೂ ನೀಡಿದ ದೇಣಿಗೆ ಕೋಟಿಗಳ ಲೆಕ್ಕದಲ್ಲಿತ್ತು. 2021ರ ಜೂನ್‌ನಲ್ಲಿ ಚಿತ್ರನಟರೊಬ್ಬರ ಕರೆಗೆ ಓಗೊಟ್ಟು ದತ್ತು ಪಡೆದವರ ಸಂಖ್ಯೆಯೂ ದೊಡ್ಡದು. ಜಿರಾಫೆ, ಗೊರಿಲ್ಲಾಗಳ ಆಕರ್ಷಣೆಯಿಂದ ಬಂದ ಹಣವೇ ಯಾರೂ ನೋಡದ ಕಾಡುಪಾಪದ ಹೊಟ್ಟೆ ತುಂಬಿಸುತ್ತದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆಕ್ಷೇಪವಿರುವುದು ಆಕರ್ಷಣೆಯ ಬಗ್ಗೆ ಅಲ್ಲ, ಆವರಣ ಸಿದ್ಧವಾಗುವ ಮೊದಲೇ ಪ್ರಾಣಿಯನ್ನು ತರುವ ಆತುರದ ಬಗ್ಗೆ.

ವನ್ಯಪ್ರಾಣಿಗಳನ್ನು ಮಾರುವಂತಿಲ್ಲವಾದ್ದರಿಂದ ಮೃಗಾಲಯಗಳ ನಡುವೆ ನಡೆಯುವುದು ಹಳೆಯ ಕಾಲದ ಸಾಟಿ ವ್ಯಾಪಾರ. 2025ರ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ವಿಮಾನದಲ್ಲಿ ಜಪಾನಿನ ಹಿಮೇಜಿಗೆ ಹೋದವು. ಪ್ರತಿಯಾಗಿ ಚೀತಾ, ಜಾಗ್ವಾರ್, ಪ್ಯೂಮಾ, ಚಿಂಪಾಂಜಿ ಹಾಗೂ ಕ್ಯಾಪುಚಿನ್ ಕೋತಿಗಳು ಎಂಬುದು ಒಪ್ಪಂದ. ಜಾತಿಗಳ ಲೆಕ್ಕದಲ್ಲಿ ಇದು ಭಾರಿ ಲಾಭ: ಆನೆಗಳು ಇನ್ನೂ ಉಳಿದಿವೆ, ಹೊಸ ಸಾಲುಗಳು ಐದು. ಆದರೆ ಐದು ಸಾಲಿಗೆ ಐದು ಬಗೆಯ ಆವರಣ, ಐದು ಬಗೆಯ ಆಹಾರ, ಐದು ಬಗೆಯ ಪರಿಣತಿ ಬೇಕು. 2023ರಲ್ಲಿ ಇದೇ ಬನ್ನೇರುಘಟ್ಟದಲ್ಲಿ ಲಸಿಕೆ ಹಾಕಿಸಿದ್ದ ಏಳು ಚಿರತೆ ಮರಿಗಳು ಬೆಕ್ಕಿನ ಜಾತಿಗೆ ತಗಲುವ ವೈರಾಣು ರೋಗಕ್ಕೆ ಬಲಿಯಾದವು. ಚಿರತೆ ಇಲ್ಲಿನದೇ ಪ್ರಾಣಿ, ಇಲ್ಲಿನ ವೈದ್ಯರಿಗೆ ಚಿರಪರಿಚಿತ. ಅದರ ಮರಿಗಳನ್ನು ಉಳಿಸಿಕೊಳ್ಳುವುದೇ ಇಷ್ಟು ಕಠಿಣವಾದಾಗ ಜಾಗ್ವಾರಿನ ಪಾಲನೆಗೆ ಏನು ಸಿದ್ಧತೆಯಾಗಿದೆ ಎಂದು ಕೇಳುವುದು ದ್ವೇಷವಲ್ಲ.

ದತ್ತು ಪಡೆಯುವ ಮುನ್ನ

ಸಂಸ್ಥೆಯ ಸದಸ್ಯರಲ್ಲಿ ಬಹುತೇಕರು ಕಂಪನಿ ಕಾಯಿದೆಯ 135ನೇ ವಿಧಿಯ ವ್ಯಾಪ್ತಿಗೆ ಬರುವುದಿಲ್ಲ. ಐದು ಕೋಟಿ ನಿವ್ವಳ ಲಾಭವೋ, ಸಾವಿರ ಕೋಟಿ ವಹಿವಾಟೋ, ಐನೂರು ಕೋಟಿ ನಿವ್ವಳ ಸಂಪತ್ತೋ ಇರುವವರಿಗೆ ಅದು ಕಡ್ಡಾಯ. ಅಂಥವರಿಗೆ ಪ್ರಾಣಿ ಕಲ್ಯಾಣ ಮತ್ತು ವನ್ಯಸಂರಕ್ಷಣೆ ಏಳನೇ ಅನುಸೂಚಿಯಲ್ಲಿಯೇ ಹೆಸರಿಸಿದ ಬಾಬು. ಉಳಿದವರು ಕೊಡುವುದು ಸ್ವಇಚ್ಛೆಯಿಂದ. ಎಂಬತ್ತು ಜಿ ಎಂದೇ ಪರಿಚಿತವಾದ ದೇಣಿಗೆಯ ರಿಯಾಯಿತಿಯು ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಲಭ್ಯವಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ದತ್ತು ಫಲಕದಲ್ಲಿ ಅಂಗಡಿಯ ಹೆಸರು ಬಂದ ಮಾತ್ರಕ್ಕೆ ಮೊತ್ತವನ್ನು ಜಾಹೀರಾತು ಖರ್ಚಿಗೆ ಬರೆದು ನಿಶ್ಚಿಂತರಾಗುವವರು ತಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳುವುದು ಕ್ಷೇಮ.

ಮೈಸೂರಿನ ದತ್ತು ಯೋಜನೆ 2001ರಲ್ಲಿ ಆರಂಭವಾಯಿತು. ಹುಟ್ಟುಹಬ್ಬಕ್ಕೆ ಒಂದು ಹುಲಿ, ಅಂಗಡಿಯ ಬೆಳ್ಳಿಹಬ್ಬಕ್ಕೆ ಒಂದು ಆನೆ ಎಂಬ ರೀತಿಯಲ್ಲಿ ಈ ದಾನ ನಡೆದುಬಂದಿದೆ. ಅದು ಶ್ಲಾಘನೀಯವೇ. ಆದರೆ ಚೆಕ್ ಬರೆಯುವ ಮುನ್ನ ಆ ಜಾತಿಯ ಮೂರು ವರ್ಷದ ಜನನ ಮರಣದ ಲೆಕ್ಕವನ್ನು ಕೇಳಿ ಪಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆವರಣ ಎಷ್ಟು ಚದರ ಮೀಟರ್, ಎಷ್ಟು ಪ್ರಾಣಿಗಳು ಅದನ್ನು ಹಂಚಿಕೊಂಡಿವೆ ಎಂದು ಕೇಳಬಹುದು. ದೇಣಿಗೆಯು ಆಹಾರಕ್ಕೆ ಮಾತ್ರವೋ, ಆವರಣದ ದುರಸ್ತಿಗೂ ಬಳಕೆಯಾಗಬಹುದೋ ಎಂದು ಕೇಳಬಹುದು. ಮೈಸೂರಿನ ಒರಾಂಗುಟಾನ್ ಆವರಣಕ್ಕೆ ನೋಟು ಮುದ್ರಣ ಸಂಸ್ಥೆ ಹಣ ನೀಡಿದ ರೀತಿ ಇಲ್ಲಿ ಅನುಕರಣೀಯ: ಆಹಾರಕ್ಕೆ ಕೊಟ್ಟ ಹಣ ವರ್ಷದಲ್ಲಿ ಮುಗಿಯುತ್ತದೆ, ಆವರಣಕ್ಕೆ ಕೊಟ್ಟದ್ದು ಸ್ಥಿರಾಸ್ತಿಯಾಗಿ ಉಳಿಯುತ್ತದೆ. ಒಬ್ಬ ವರ್ತಕನಿಂದ ಅದು ಸಾಧ್ಯವಾಗದಿರಬಹುದು. ಹತ್ತು ಮಂದಿ ಕೂಡಿದರೆ ಒಂದು ನೀರಿನ ತೊಟ್ಟಿಗೆ, ಒಂದು ನೆರಳಿನ ಚಪ್ಪರಕ್ಕೆ, ರೋಗಪೀಡಿತ ಪ್ರಾಣಿಗಳನ್ನು ಪ್ರತ್ಯೇಕವಾಗಿಡುವ ಒಂದು ಕೊಠಡಿಗೆ ಕಷ್ಟವಾಗದು.

ಆ ಹತ್ತು ಮಂದಿ ಮೈಸೂರು ಬನ್ನೇರುಘಟ್ಟಗಳ ಕಡೆಗೇ ನೋಡಬೇಕಾಗಿಯೂ ಇಲ್ಲ. ಶಿವಮೊಗ್ಗದ ತ್ಯಾವರೆಕೊಪ್ಪ, ಗದಗ, ದಾವಣಗೆರೆಯ ಆನಗೋಡು, ಚಿತ್ರದುರ್ಗ, ಕಲಬುರಗಿ, ಹಂಪಿಯ ಕಮಲಾಪುರ, ಇವೆಲ್ಲ ಪ್ರಾಧಿಕಾರದ ಸಂಸ್ಥೆಗಳೇ. ಬೆಳಗಾವಿ ಬಳಿಯ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ 2025ರ ನವೆಂಬರಿನಲ್ಲಿ 38 ಕೃಷ್ಣಮೃಗಗಳ ಪೈಕಿ 31 ಕೆಲವೇ ದಿನಗಳಲ್ಲಿ ಸತ್ತವು. ಕಾರಣ ಗಳಲೆ ರೋಗ, ಹಳ್ಳಿಯ ದನಕರುಗಳಿಗೆ ಬರುವ ರೋಗವೇ. ಇಡೀ ಹಿಂಡು ಒಂದೆಡೆ ಇದ್ದಾಗ ರೋಗ ಒಂದನ್ನು ಹಿಡಿದರೆ ಎಲ್ಲವನ್ನೂ ಹಿಡಿದಂತೆ. ಎಲ್ಲ ಸರಕನ್ನೂ ಒಂದೇ ಗೋದಾಮಿನಲ್ಲಿಟ್ಟು ಬೆಂಕಿ ವಿಮೆ ಮಾಡಿಸದ ವರ್ತಕನನ್ನು ಬ್ಯಾಂಕು ಏನೆನ್ನುತ್ತದೋ ಅದನ್ನೇ ಇಲ್ಲಿಯೂ ಹೇಳಬೇಕಾಗುತ್ತದೆ.

ಅಲ್ಲಿ ಹಿಂಡನ್ನು ಮತ್ತೆ ಕಟ್ಟಬೇಕಾದರೆ ಬೇರೆಡೆಯಿಂದ ಕೃಷ್ಣಮೃಗಗಳನ್ನು ತರುವುದು ಸುಲಭದ ಭಾಗ. ಒಂದೇ ಆವರಣವನ್ನು ಎರಡು ಮೂರಾಗಿ ಬೇರ್ಪಡಿಸುವುದು, ಹೊಸದಾಗಿ ಬಂದವನ್ನು ಕೆಲವು ವಾರ ದೂರವಿಡಲು ದೊಡ್ಡಿ ಕಟ್ಟುವುದು, ಸುತ್ತಲ ಹಳ್ಳಿಗಳ ದನಕರುಗಳಿಗೆ ಮುಂಗಾರಿಗೆ ಮುನ್ನವೇ ಲಸಿಕೆ ಹಾಕಿಸುವುದು, ಇವು ಹಣ ಮತ್ತು ಆಸ್ಥೆ ಬೇಡುವ ಕೆಲಸಗಳು. ಬೆಳಗಾವಿಯ ಎರಕದ ಕಾರ್ಖಾನೆಗಳವರೂ ಹುಬ್ಬಳ್ಳಿಯ ಸಗಟು ವರ್ತಕರೂ ಈ ಮೂರರಲ್ಲಿ ಒಂದನ್ನು ವಹಿಸಿಕೊಂಡು, ಖರ್ಚಿನ ವಿವರವನ್ನು ಮುಂದಿನ ಮಾರ್ಚ್ ಪಟ್ಟಿಯ ಜೊತೆಗೆ ಕೇಳಿ ಪಡೆಯಬಹುದು.